ರಿಪೋರ್ಟಿಗೆ ಕಟ್ಟಿದ ಎಳೆ

ಎಂಬತ್ನಾಲ್ಕರ ಶ್ರಾವಣ. ಬೆಳಿಗ್ಗೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ರಾಟೆ ನಿಲ್ಲಿಸಬೇಕಾಯಿತು. ಇಳಕಲ್ಲಿನ ನಮ್ಮ ಓಣಿಯ ದವಾಖಾನೆಯ ಕಂಪೌಂಡರ್ ಹುಲ್ಲಪ್ಪ ಬಾಗಿಲಲ್ಲಿ ನಿಂತಿದ್ದ.

"ಸಂಗವ್ವಾರ, ನಿಮ್ಮ ರಿಪೋರ್ಟು ಡಾಕ್ಟರು ಓದ್ಯಾರ್ರಿ. ನಾಳೆ ಕಾಟು ಖಾಲಿ ಐತಿ, ಗರ್ಭಚೀಲ ತಗದ ಬಿಡೂಣು ಅಂದಾರ" ಎಂದು ರಿಪೋರ್ಟನ್ನು ಕೈಗಿಟ್ಟು ಹೋದ.

ಅದು ಬಾಗಲಕೋಟೆಯ ಡಾಕ್ಟರಮ್ಮ ಬರೆದುಕೊಟ್ಟದ್ದು. "ಚೀಲದ ಬಾಯಾಗ ಒಂದೀಟ ಕೆಟ್ಟೈತಿ ತಂಗಿ. ಕ್ಯಾನ್ಸರ್ ಅಲ್ಲ, ಬಿಟ್ರ ಮುಂದ ಆಗಬಹುದು. ಅಷ್ಟ ಭಾಗ ಕೊರದು ತಗದ್ರ ಸಾಕು, ಮಕ್ಕಳಾಗೂ ಆಸೆ ಉಳೀತೈತಿ. ಆದ್ರ ಆರ ತಿಂಗಳಿಗೊಮ್ಮೆ ಬಂದು ತೋರಸಬೇಕು" ಎಂದಿದ್ದರು.

ಮತ್ತೆ ಮತ್ತೆ ಬಾ ಎನ್ನುವವರ ಮೇಲೂ ನನಗೆ ಸಂಶಯ, ನಾಳೆಯೇ ಬಾ ಎನ್ನುವವರ ಮೇಲೂ ಸಂಶಯ. ನನಗಿನ್ನೂ ಇಪ್ಪತ್ತೊಂಬತ್ತು. ಇನ್ನೊಂದು ಕೂಸು ಬೇಕೆಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

"ಒಂದ ಹೆಣ್ಣ ಹಡದು ಒಂಬತ್ತ ವರ್ಷ ಆತು" ಎಂದರು ಅತ್ತೆ ಗುರುಸಿದ್ದವ್ವ. "ಖಾಲಿ ಚೀಲ ಇಟಗೊಂಡು ಏನ ಮಾಡ್ತಿ, ಜ್ವಾಳಾ ತುಂಬ್ತೀಯೇನು?"

ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಯಜಮಾನರು ನೇಯುತ್ತಿದ್ದರು. ಲಾಳಿಯ ಸದ್ದು ನಿಂತಿತು.

ಆಗ ನಾನು ರಿಪೋರ್ಟನ್ನು ನೋಡಿದೆ. ಅದನ್ನು ನಾಲ್ಕು ಮಡಿಕೆ ಮಾಡಿ, ಅಡ್ಡ ಉದ್ದ ರೇಷ್ಮೆ ಎಳೆ ಬಿಗಿದು ಮೊನ್ನೆ ಹುಲ್ಲಪ್ಪನ ಕೈಗೆ ಕೊಟ್ಟವಳು ನಾನೇ. ಹರಿದ ಎಳೆಗೆ ನೇಕಾರರು ಹಾಕುವ ಆ ಸಣ್ಣ ಗಂಟನ್ನು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಎಡಗೈಯವಳಾದ ನಾನು ಹಾಕಿದರೆ ಅದು ಬೇರೆಯವರ ಗಂಟಿಗಿಂತ ಉಲ್ಟಾ ತಿರುಗಿ ಕೂರುತ್ತದೆ. ಈ ಗಂಟೂ ಉಲ್ಟಾ ತಿರುಗಿಯೇ ಇತ್ತು, ನಾನು ಹಾಕಿದ್ದೇ.

ಮಗಳು ಶಿವಲಿಂಗವ್ವನೂ ಅದನ್ನೇ ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದಳು. ಅಜ್ಜಿಯ ಮುಖ ನೋಡಿ ಮುಚ್ಚಿಕೊಂಡಳು. ನಾನು ಅವಳ ಜಡೆ ಹೆಣೆದು ಸಾಲೆಗೆ ಕಳಿಸಿದೆ.

ಮರುದಿನ ಅತ್ತೆ ನನ್ನನ್ನು ದವಾಖಾನೆಗೆ ಕರೆದೊಯ್ದರು. ಮಗಳು ನನ್ನ ಸೆರಗು ಬಿಡಲಿಲ್ಲ.

"ರಿಪೋರ್ಟಿನಾಗ ಎಲ್ಲಾ ಐತವ್ವ" ಎಂದರು ಡಾಕ್ಟರು. "ಪೂರಾ ತಗೀಬೇಕು, ಬ್ಯಾರೆ ದಾರಿನ ಇಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು."

ದೊಡ್ಡವರ ಮುಂದೆ ಎದುರಾಡಿ ನನಗೆ ರೂಢಿಯಿಲ್ಲ. ಹೆಬ್ಬೆರಳಿಗೆ ಮಸಿ ಹತ್ತಿತು. ಅಷ್ಟರಲ್ಲಿ ಮಗಳು ನನ್ನ ಮಡಿಲಿನಿಂದ ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟಳು.

"ಡಾಕ್ಟರ್ರ, ಇದು ನಮ್ಮವ್ವ ಹಾಕಿದ ಗಂಟು. ಎಳಿ ಕತ್ತರಸದನ ಒಳಗ ಹೆಂಗ ಓದಿದ್ರಿ?"