ತಪ್ಪಿದಾಗ ತಟ್ಟುವ ಚಪ್ಪಾಳೆ

ನಮ್ಮೆಜಮಾನರು ಶಾಲಾ ಬಸ್ಸಿನ ಡ್ರೈವರ್. ಹದಿನೆಂಟು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವರಲ್ಲ. ಅಂಥವರು ಹೋದ ತಿಂಗಳು ಮೇಲ್ಸೇತುವೆಯ ನಟ್ಟನಡುವೆ, ಹಿಂದೆ ಮೂವತ್ತೆರಡು ಮಕ್ಕಳು ಕೂತಿರುವಾಗ, ಬಸ್ಸು ನಿಲ್ಲಿಸಿಬಿಟ್ಟರು. ಎದೆ ಹಿಂಡಿತಂತೆ, ಕೈ ಮರಗಟ್ಟಿತಂತೆ, ಸತ್ತೇಹೋದೆ ಅಂದುಕೊಂಡರಂತೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಡಾಕ್ಟರು, ಹೃದಯ ಗಟ್ಟಿಯಾಗಿದೆ, ಇದು ಭಯದ ಕಾಯಿಲೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಇವರು ಚೀಟಿಯನ್ನು ಫ್ರಿಜ್ಜಿನ ಮೇಲೆಸೆದು, ಶಾಲೆಯವರಿಗೆ ಬ್ರೇಕು ಕೈಕೊಟ್ಟಿತ್ತೆಂದು ಸುಳ್ಳು ಹೇಳಿ, ಮೂರನೇ ದಿನಕ್ಕೆ ಮತ್ತೆ ಸ್ಟೀರಿಂಗ್ ಹಿಡಿದರು.

"ಐದು ಹೊತ್ತು ನಮಾಜ್ ಮಾಡೋನಿಗೆ ಭಯದ ಕಾಯಿಲೆ ಏನೇ? ದೇವರ ಮೇಲಿನ ನನ್ನ ಈಮಾನ್ ಗಟ್ಟಿ ಇಲ್ಲ ಅಂತ ನಾನೇ ಡಂಗುರ ಹೊಡೀಲಾ?"

"ಜ್ವರ ಈಮಾನಿಗೆ ಬರುತ್ತೇನ್ರೀ? ಮೈಗೆ ಬರುತ್ತೆ. ಇದೂ ಹಾಗೇ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಅಂದಿನಿಂದ ನನಗೆ ಜೀವದಲ್ಲಿ ಜೀವವಿಲ್ಲ. ಫೋನ್ ಬಂದರೆ ಭಯ, ಬರದಿದ್ದರೆ ಇನ್ನೂ ಭಯ. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಗಿರಾಕಿಗಳ ರವಿಕೆಗೆ ತೋಳು ಅದಲುಬದಲಾಗುತ್ತಿತ್ತು. ಸಾಲದ್ದಕ್ಕೆ ಇವರು ಒಂದು ದಿನ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತ, "ಸಜ್ದಾದಲ್ಲಿ, ಹಣೆ ನೆಲಕ್ಕಿಟ್ಟಾಗಲೇ ಪ್ರಾಣ ಹೋಗೋರು ಭಾಗ್ಯವಂತರು ಕಣೇ" ಅಂದರು. ಆ ದನಿ ನನಗೆ ಹಿಡಿಸಲಿಲ್ಲ.

ಭಾನುವಾರ ಇಳಿಹೊತ್ತಿನ ಅಸರ್ ನಮಾಜನ್ನು ನಾವಿಬ್ಬರೂ ಮನೆಯಲ್ಲೇ ಒಟ್ಟಿಗೆ ಮಾಡುತ್ತೇವೆ. ಇವರು ಮುಂದೆ ಇಮಾಮ್, ಹಿಂದೆ ನಾನೊಬ್ಬಳೇ ಜಮಾತು. ಇಮಾಮ್ ಏಳುವ ಮೊದಲು ಹಿಂದಿನವರು ಏಳುವಂತಿಲ್ಲ. ಇಮಾಮ್ ತಪ್ಪಿದರೆ ಹೆಂಗಸರು ಬಾಯಿ ತೆರೆಯದೆ ಎಡಗೈಯ ಹಿಂಬದಿಗೆ ಬಲಗೈ ತಟ್ಟಿ ಎಚ್ಚರಿಸಬೇಕು. ಇಪ್ಪತ್ತು ವರ್ಷದಲ್ಲಿ ಇವರು ತಪ್ಪಿದ್ದೂ ಇಲ್ಲ, ನಾನು ತಟ್ಟಿದ್ದೂ ಇಲ್ಲ. ನಮಾಜಿನ ಹೊರಗಿನ ತಪ್ಪುಗಳಿಗೆ ನನಗೆ ಬಾಯಿದೆ.

ಅಂದು ನಾಲ್ಕು ಸುತ್ತಿನಲ್ಲಿ ಮೂರನೇ ರಕಾತಿನ ಸಜ್ದಾಕ್ಕೆ ಹಣೆ ನೆಲಕ್ಕಿಟ್ಟ ಇವರು ಮೇಲೇಳಲಿಲ್ಲ.

ದೇವರನ್ನು ಕೊಂಡಾಡುವ ತಸ್ಬೀಹನ್ನು ಮೂರು ಸಲ ಹೇಳಿದೆ. ಏಳು ಸಲ. ಹನ್ನೊಂದು ಸಲ. ಅಸರಿನಲ್ಲಿ ಇಮಾಮರು ಓದುವುದೂ ಮೆಲ್ಲಗೆ, ಹಾಗಾಗಿ ದನಿಯೂ ಕೇಳುವುದಿಲ್ಲ. ನನ್ನ ಹಣೆಯೂ ನೆಲದಲ್ಲಿ. ಕಣ್ಣು ಓರೆ ಮಾಡಿದರೆ ಇವರ ಅಂಗಾಲು ಮಾತ್ರ ಕಾಣುತ್ತಿತ್ತು, ಬೆರಳು ಅಲ್ಲಾಡುತ್ತಿರಲಿಲ್ಲ. ತಲೆಯೆತ್ತಿ ನೋಡಲು ಧೈರ್ಯವಾಗಲಿಲ್ಲ. ನೋಡುವವರೆಗಾದರೂ ಇವರು ಬದುಕಿದ್ದಾರಲ್ಲ! ಅಲ್ಲಾಹ್, ಆ ಭಾಗ್ಯ ಇವರಿಗೆ ಬೇಡ, ಬೇರೆ ಯಾವುದಾದರೂ ಕೊಡು ಎಂದು ಅಲ್ಲೇ ಬೇಡಿಕೊಂಡೆ.

ನೆಲಕ್ಕೂರಿದ ಎಡಗೈ ಮೇಲೆ ಬಲಗೈಯಿಂದ ತಟ್ಟಿದೆ. ಏನೂ ಇಲ್ಲ. ಮತ್ತೊಮ್ಮೆ, ಚರ್ಮ ಉರಿಯುವಷ್ಟು ಜೋರಾಗಿ ತಟ್ಟಿದೆ.

ಕಾಲಿನ ಬೆರಳು ಮಡಚಿತು. ಇವರು ಎದ್ದರು.

ಉಳಿದದ್ದು ಮುಗಿಸಿ, ಸಲಾಂ ಹೇಳಿ ತಿರುಗಿದಾಗ ಗಡ್ಡವೆಲ್ಲ ಒದ್ದೆ. "ಏಳೋಕೆ ಹೆದರಿಕೆ ಆಯ್ತು ಕಣೇ. ಎದ್ರೆ ನಾಳೆ ಸೋಮವಾರ. ಆ ಸೇತುವೆ, ಆ ಮಕ್ಕಳು..."

ಬೈಯಲೆಂದು ಬಾಯಿ ತೆರೆದರೆ ಅಳು ಬಂತು. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಚೀಟಿ ತಂದು ಅವರ ಮುಂದಿಟ್ಟೆ.

ಮರುದಿನ ಇವರು ರಜೆ ಹಾಕಿದರು. ಮನಸ್ಸಿನ ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಮೇಜಿನೆದುರು ಒಂದೇ ಕುರ್ಚಿ. ಇವರು ಅದರಲ್ಲಿ ಕೂತರು, ನಾನು ಹಿಂದಿನ ಬೆಂಚಿನಲ್ಲಿ.

"ಹೇಳಿ, ಹೇಗಿದೀರಾ?"

"ನನಗೇನಾಗಿದೆ ಡಾಕ್ಟ್ರೇ, ಚೆನ್ನಾಗೇ ಇದೀನಿ. ಇವಳಿಗೇ ಸ್ವಲ್ಪ ಗಾಬರಿ ಜಾಸ್ತಿ."

ಹೀಗೆಂದು ಎದ್ದು ಹೋದರೆ ನಾಳೆ ಮತ್ತೆ ಅದೇ ಸೇತುವೆ, ಅದೇ ಮೂವತ್ತೆರಡು ಮಕ್ಕಳು. ಬಾಯಿ ಬಿಟ್ಟರೆ ಇಲ್ಲೇ ಜಗಳ. ಬಲಗೈಯನ್ನೆತ್ತಿ ಎಡಗೈಯ ಹಿಂಬದಿಗೆ ತಟ್ಟಿದೆ.

ಡಾಕ್ಟರು ಅಚ್ಚರಿಯಿಂದ ನನ್ನತ್ತ ನೋಡಿದರು. ಇವರು ತಿರುಗಲಿಲ್ಲ. ತಪ್ಪಿದಲ್ಲಿಂದ ಮತ್ತೆ ಶುರುಮಾಡಿದರು.

"ಡಾಕ್ಟ್ರೇ, ನಂಗೆ ತುಂಬ ಭಯ ಆಗುತ್ತೆ."