ಸೂತಕಕ್ಕೆ ತೆಳುಮಸಿ

“ಸಾಕು ನಿಲ್ಸೆ! ಇನ್ನೂ ಎಷ್ಟು ತೇಯ್ತೀಯ?” ಟೊಮಿಯೆ ಅತ್ತೆ ಸವಾಕೊಳ ಮಣಿಕಟ್ಟನ್ನೇ ಹಿಡಿದುಬಿಟ್ಟಳು.

ಕಲ್ಲಿನ ಮೇಲೆ ತೇಯುತ್ತಿದ್ದ ಮಸಿಕಡ್ಡಿ ನಿಂತಿತು. ಕಲ್ಲಿನ ಗುಳಿಯಲ್ಲಿ ಮಸಿ ಕಡುಗಪ್ಪಾಗಿತ್ತು.

“ಸಾವಿನ ಮನೆಗೆ ಇಷ್ಟು ಕಪ್ಪಾ? ಕಣ್ಣೀರು ಬಿದ್ದು ತೆಳುವಾದ ಹಾಗಿರ್ಬೇಕು ಕಣೆ. ಇದನ್ನ ನೋಡಿದೋರು, ಮಗಳು ಮೊದ್ಲೇ ತೇಯ್ದಿಟ್ಕೊಂಡು ಅಪ್ಪ ಸಾಯೋದನ್ನೇ ಕಾಯ್ತಿದ್ಲು ಅಂತಾರೆ.”

ಅತ್ತೆ ಬಾಯಿಗೆ ಬಂದದ್ದು ಆಡಿದ್ದಳು, ಅಷ್ಟೇ. ಸವಾಕೊ ಮಾತ್ರ ಮಸಿಕಡ್ಡಿಯನ್ನು ಕೈಬಿಟ್ಟಳು.

ಬಾಗಿಲಿಗೆ ಅಂಟಿಸುವ, ಎರಡೇ ಅಕ್ಷರದ ಸೂತಕದ ಚೀಟಿಯನ್ನು ಶವಸಂಸ್ಕಾರದವರು ಅಚ್ಚು ಹಾಕಿಸಿಯೇ ತಂದಿದ್ದರು. ಬೆಳಿಗ್ಗೆ ಅತ್ತೆ ಅದನ್ನು ಕಿತ್ತೆಸೆದಿದ್ದಳು. ತಾತ್ಸುನೊ ಊರಿನ ಮಕ್ಕಳಿಗೆಲ್ಲ ಕುಂಚ ಹಿಡಿಯುವುದನ್ನು ಕಲಿಸಿದ ತನ್ನ ಅಣ್ಣನ ಬಾಗಿಲಿಗೆ ಅಚ್ಚಿನ ಅಕ್ಷರವೇ? ಮಗಳೇ ಕೈಯಾರೆ ಬರೆಯಲಿ ಎಂದಿದ್ದಳು.

“ನನ್ನಂಗಡಿ ಬೋರ್ಡಿಗೆ ತೋಫು ಅಂತ ಬರ್ಕೊಡಿ ಮೇಷ್ಟ್ರೇ ಅಂದೆ,” ತೋಫು ಮಾರುವ ಕಾಕುತಾ ಶವಪೆಟ್ಟಿಗೆಯ ಪಕ್ಕದಿಂದ ಹೇಳಿದ. “ನೀನೇ ಬರಿ, ಮೊದಲು ಒಂದು ವರ್ಷ ಅಡ್ಡಗೆರೆ ಎಳಿ ಅಂದ್ರು.”

“ಎಳೆದ್ಯಾ?” ಎಂದಳು ಅತ್ತೆ.

“ಎಳೆದೆ ಕಣಮ್ಮ! ಆಮೇಲೆ ಉದ್ದಗೆರೆ ಅಂದ್ರು. ಬೋರ್ಡು ಇವತ್ತಿಗೂ ಖಾಲಿ.” ನಗುತ್ತಲೇ ಅವನು ಅಂಗೈಯಿಂದ ಮೂಗು ಒರೆಸಿಕೊಂಡ.

* * *

ಸವಾಕೊಳ ಅಪ್ಪ ಸೇಕಿಚಿ ಹಗಲು ಸೋಯಾ ಸಾಸ್ ಕಾರ್ಖಾನೆಯಲ್ಲಿ ಬಾಟಲಿ ತುಂಬುತ್ತಿದ್ದ, ಸಂಜೆ ಕುಂಚಬರಹದ ಪಾಠ ಹೇಳುತ್ತಿದ್ದ. ನಸುಕಿನಲ್ಲಿ ಮಾತ್ರ ತನಗಾಗಿ ಕೂರುತ್ತಿದ್ದ. ಆಗಲೂ ಎದುರಿಗೆ ಇರುತ್ತಿದ್ದದ್ದು ಸಾವಿರ ವರ್ಷಕ್ಕೂ ಹಿಂದಿನ ತಾಂಗ್ ಕಾಲದ ಒಬ್ಬ ಚೀನೀ ಗುರುವಿನ ಶಿಲಾಬರಹದಿಂದ ಕಾಗದಕ್ಕೆ ತೆಗೆದ ಅಚ್ಚು. ಅದನ್ನೇ ನೋಡಿ ಬರೆಯುವುದು, ಒಲೆಗೆ ಹಾಕುವುದು, ಮತ್ತೆ ಬರೆಯುವುದು.

“ನಿಮ್ಮದೇ ಅಂತ ಯಾವಾಗ ಬರೀತೀರ ಅಪ್ಪ?”

“ಅವರದ್ದೇ ಇನ್ನೂ ಕೈಗೆ ಬಂದಿಲ್ವಲ್ಲೇ.”

ಹರೆಯಕ್ಕೆ ಬಂದ ಸವಾಕೊ ಒಂದು ದಿನ, ಸತ್ತ ಚೀನೀ ಮುದುಕನಿಗೆ ನೆರಳಾಗಿ ಬದುಕೋಕೆ ನನ್ನಿಂದಾಗಲ್ಲ ಎಂದು ಕುಂಚ ಕೆಳಗಿಟ್ಟಳು. ಅವನು ಗದರಲಿಲ್ಲ, ಕುಂಚವನ್ನು ತೊಳೆದು ನೇತುಹಾಕಿದ.

ಹೋದ ಚಳಿಗಾಲ ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಯಿತು. ಒಂದು ಸಂಜೆ ಅವಳು ಬೆನ್ನು ಒರೆಸುತ್ತಿದ್ದಾಗ ತೊದಲುತ್ತಾ ಕೇಳಿದ: “ಒಂದು ಹಾಳೆ ಬರೆದು ತೋರ್ಸೇ. ಆ ಚೀನಿಯೋರ ಥರ ಬೇಡ. ನಿನ್ನ ಕೈಗೆ ಹೇಗೆ ಬರುತ್ತೋ ಹಾಗೆ.”

ಅವಳಿಗೆ ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. “ಇನ್ನೂ ಎಷ್ಟು ದಿನ ಅಪ್ಪ ಹೀಗೆ?” ಎಂದುಬಿಟ್ಟಳು.

ಅವನು ಎಡಗೈಯಿಂದ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. ಮತ್ತೆಂದೂ ಕೇಳಲಿಲ್ಲ.

* * *

ಸವಾಕೊ ಕಲ್ಲಿಗೆ ನೀರು ಹನಿಸಿದಳು. ಮಸಿ ಬೂದಿಬಣ್ಣಕ್ಕೆ ಇಳಿಯಿತು. ಕಡುಗಪ್ಪು ಎಲ್ಲವನ್ನೂ ಮುಚ್ಚುತ್ತದೆ. ತೆಳುಮಸಿಯಲ್ಲಿ ಹಾಗಲ್ಲ, ಕೈ ಎಲ್ಲಿ ಅನುಮಾನಿಸಿತು, ಎಲ್ಲಿ ನಡುಗಿತು, ಎಲ್ಲ ಕಾಣುತ್ತದೆ.

ಮೊದಲ ಗೆರೆ ಚೀನೀ ಗುರುವಿನದೇ ಆಗಿ ಬಂತು. ಅವಳ ಬೆರಳುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಆಮೇಲೆ ಕೈ ನಡುಗಿತು. ಅವಳು ತಡೆಯಲಿಲ್ಲ. ಅಕ್ಷರ ವಾಲಿತು, ನೀರು ಹಬ್ಬಿತು, ಎರಡನೆಯ ಅಕ್ಷರ ಮೊದಲನೆಯದಕ್ಕೆ ಒರಗಿಕೊಂಡು ನಿಂತಿತು. ಅದು ಯಾವ ಕಲ್ಲಿನ ಮೇಲೂ ಇಲ್ಲದ ಬರಹ.

“ಅಯ್ಯೋ, ಸೊಟ್ಟಗಾಯ್ತಲ್ಲೇ,” ಎಂದಳು ಅತ್ತೆ. ಆಮೇಲೆ ಅಣ್ಣನ ಮಗಳ ಮುಖ ನೋಡಿ ದನಿ ತಗ್ಗಿಸಿದಳು. “ಹೋಗ್ಲಿ ಬಿಡು, ಕೊಡು. ಸ್ಮಶಾನದ ಗಾಡಿ ಬಂದಾಯ್ತು, ಅಂಟಿಸ್ತೀನಿ.”

ಸವಾಕೊ ಕೊಡಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಳಿಗೆ ನಡೆದಳು. ಮುಚ್ಚಳ ಹಿಡಿದು ನಿಂತಿದ್ದ ಇಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಅಪ್ಪನ ತಲೆಯ ಬಳಿ ಮಂಡಿಯೂರಿ, ಬರೆದದ್ದನ್ನು ಮೇಷ್ಟ್ರಿಗೆ ತೋರಿಸುವ ಮಕ್ಕಳ ಹಾಗೆ, ಅಕ್ಷರ ಅವನ ಕಡೆಗೆ ನೆಟ್ಟಗಾಗುವಂತೆ ಹಾಳೆಯನ್ನು ತಿರುಗಿಸಿಟ್ಟಳು.

ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ತಲೆ ತಗ್ಗಿಸಿ ಕಾಯುತ್ತಾ ಕುಳಿತಳು.