ಸೋಸುವ ಕಾಗದ

"ನಿನ್ನ ಸೀಸೆಯಲ್ಲಿ ಇರೋದು ಬರೀ ನೀರು!"

ಪ್ರಯೋಗಾಲಯದ ಮುಖ್ಯಸ್ಥರು ಎಲ್ಲರೆದುರೇ ಹಾಗಂದಾಗ ಸಂಶೋಧನಾ ವಿದ್ಯಾರ್ಥಿನಿಯ ಮೈಯೆಲ್ಲ ಉರಿದುಹೋಯಿತು. ಕೊಳೆತ ಎಲೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ ಅವಳು ಆ ಸೀಸೆಯಲ್ಲಿದ್ದ ಪ್ರೋಟೀನನ್ನು ತೆಗೆಯಲು ಎಂಟು ತಿಂಗಳು ಬೆವರು ಸುರಿಸಿದ್ದಳು. ಗಿಡದ ಜೀವಕೋಶದ ಗೋಡೆಯಲ್ಲಿರುವ ಸೆಲ್ಯುಲೋಸ್ ನಾರನ್ನು ಗುರುತು ಹಿಡಿದು, ಉಡದ ಪಟ್ಟು ಹಾಕಿ ಕಚ್ಚಿಕೊಳ್ಳುವುದೇ ಅದರ ಕೆಲಸ.

"ನಿನ್ನೆ ಪರೀಕ್ಷೆ ಮಾಡಿದ್ದೆ, ಸರ್. ಬೇಕಾದಷ್ಟಿತ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಕದಡಿದ ಹಾಗಿತ್ತು ಅಂತ ಬೆಳಿಗ್ಗೆ ನಾನೇ ಸೋಸಿ ನೋಡಿದೀನಿ. ಏನೂ ಇಲ್ಲ."

"ಯಾವುದರಲ್ಲಿ ಸೋಸಿದ್ರಿ?"

"ಇನ್ಯಾವುದರಲ್ಲಿ? ಸೋಸೋ ಕಾಗದದಲ್ಲಿ."

ಅವಳು ಹೊರಗೆ ಓಡಿದಳು. ಗಾಜಿನ ಸಾಮಾನು ತೊಳೆಯುವ ಅಕ್ಕ ಕಸದ ಚೀಲದ ಬಾಯಿ ಕಟ್ಟುತ್ತಿದ್ದರು.

"ಅಕ್ಕಾ, ತಡೀರಿ!"

ಒದ್ದೆ ಕಾಗದ ಮೇಲೆಯೇ ಇತ್ತು. ಅದನ್ನೂ ಒಂದು ಹೊಸ ಕಾಗದವನ್ನೂ ಪ್ರೋಟೀನಿಗೆ ಅಂಟುವ ನೀಲಿ ಬಣ್ಣದಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆದಳು. ಹೊಸದರ ಬಣ್ಣವೆಲ್ಲ ಬಿಟ್ಟುಹೋಗಿ ಬೆಳ್ಳಗಾಯಿತು. ಕಸದಿಂದ ತೆಗೆದದ್ದು ಎಷ್ಟು ತೊಳೆದರೂ ಕಡುನೀಲಿಯಾಗಿಯೇ ಉಳಿಯಿತು.

ಎರಡನ್ನೂ ತಂದು ಮುಖ್ಯಸ್ಥರ ಮುಂದೆ ಚಾಚಿದಳು.

"ಕಾಗದ ಅಂದ್ರೆ ಗಿಡದ ನಾರೇ ಅಲ್ವಾ, ಸರ್? ಅದು ಸೆಲ್ಯುಲೋಸ್ ಅಂತ ಕಣ್ಣಿಲ್ಲದ ಈ ಪ್ರೋಟೀನಿಗೆ ಕೂಡಲೇ ಗೊತ್ತಾಯ್ತು, ಗಟ್ಟಿಯಾಗಿ ಹಿಡ್ಕೊಂಡಿದೆ. ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡ್ತಿರೋ ನಿಮಗೆ ಗೊತ್ತಾಗಲಿಲ್ಲ."